ಸುಟ್ಟ ಮಣ್ಣು, ಮುಚ್ಚಿದ ಕಾಲುವೆ

ಕಠೋಪನಿಷತ್ತನ್ನು ಓದುವವರು ಸಾಮಾನ್ಯವಾಗಿ ನಚಿಕೇತನ ಮೂರನೆಯ ವರಕ್ಕಾಗಿ ಆತುರಪಡುತ್ತಾರೆ. ಸತ್ತ ಮೇಲೆ ಮನುಷ್ಯನು ಉಂಟೋ ಇಲ್ಲವೋ ಎಂಬ ಆ ಮಹಾಪ್ರಶ್ನೆಯ ಪ್ರಭೆಯಲ್ಲಿ ಎರಡನೆಯ ವರವು ಮಂಕಾಗಿ, ಅದು ಕರ್ಮಕಾಂಡದ ಅವಶೇಷವೆಂದು ಬಗೆದು ಪುಟ ತಿರುವಿಬಿಡುವುದೇ ರೂಢಿಯಾಗಿದೆ. ಆದರೆ ಮೃತ್ಯುದೇವನು ತನ್ನ ಶಿಷ್ಯನಿಗೆ ಆತ್ಮವಿದ್ಯೆಗಿಂತ ಮೊದಲು ಬೋಧಿಸಿದುದು ಇಟ್ಟಿಗೆಗಳನ್ನು ಕುರಿತು: ಅವು ಎಂಥವು, ಎಷ್ಟು, ಯಾವ ಕ್ರಮದಲ್ಲಿ ಇಡತಕ್ಕವು ಎಂಬುದನ್ನು. ಬಾಲಕನು ಅದನ್ನು ಕೇಳಿದ ಹಾಗೆಯೇ ಒಪ್ಪಿಸಿದ ಬಳಿಕವಷ್ಟೆ ಗುರುವು ಸಂತುಷ್ಟನಾದುದು. ಐದು ಪದರಗಳಲ್ಲಿ, ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರದಲ್ಲಿ, ಒಂದೊಂದು ಇಟ್ಟಿಗೆಗೂ ಒಂದೊಂದು ಮಂತ್ರ ಸಲ್ಲುವಂತೆ ಕಟ್ಟುವ ಅಗ್ನಿಚಯನದ ವೇದಿಕೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು. ಡೆಹರಾಡೂನಿನ ಸಮೀಪದ ಜಗತ್‌ಗ್ರಾಮದಲ್ಲಿ ಅಶ್ವಮೇಧ ಮಾಡಿದ ಶೀಲವರ್ಮನೆಂಬ ಅರಸನ ಸಂಗತಿಯನ್ನು ನಾವು ಇಂದು ಅರಿತಿರುವುದು ಯಾವ ಪುರಾಣದಿಂದಲೂ ಅಲ್ಲ, ಆ ಯಜ್ಞವೇದಿಕೆಯ ಬರಹವುಳ್ಳ ಇಟ್ಟಿಗೆಗಳಿಂದ. ಹೋಮದ ಹೊಗೆ ಹೋಯಿತು, ಹವಿಸ್ಸು ಹೋಯಿತು, ಯಜಮಾನನು ಬಯಸಿದ ಸ್ವರ್ಗವು ಅವನಿಗೆ ದೊರಕಿತೋ ಇಲ್ಲವೋ ತಿಳಿಯದು. ಇಟ್ಟಿಗೆ ಮಾತ್ರ ಉಳಿಯಿತು. ಎಲ್ಲವನ್ನೂ ಇಲ್ಲವಾಗಿಸುವುದೇ ಅಧಿಕಾರವಾಗುಳ್ಳ ಯಮನಿಗೆ ಇಲ್ಲವಾಗಲೊಲ್ಲದ ಈ ಪದಾರ್ಥದ ಲೆಕ್ಕ ಏತಕ್ಕೆ ಬೇಕಾಯಿತು?

ಈ ಪ್ರಶ್ನೆಯನ್ನು ಗ್ರಂಥಗಳ ನಡುವೆ ಕುಳಿತು ಬಿಡಿಸುವುದಕ್ಕಿಂತ ಹಾವೇರಿ ಸೀಮೆಯ ಹೊಲಗಳ ನಡುವೆ ನಿಂತು ಬಿಡಿಸುವುದು ಸುಲಭವೆಂದು ನನ್ನ ನಂಬಿಕೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಆ ಜಿಲ್ಲೆಯಲ್ಲಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳೆಂಬ ನಾಲ್ಕು ತಾಲೂಕುಗಳು ಮಲೆನಾಡು ಇಳಿದು ಬಯಲಾಗುವ ಸಂಧಿಯಲ್ಲಿವೆ: ಒಂದೆಡೆ ಧರ್ಮಾ ನದಿಯ ನೀರುಂಡ ಭತ್ತದ ಗದ್ದೆ, ಮತ್ತೊಂದೆಡೆ ಎರೆಹೊಲ, ನಡುನಡುವೆ ಮಸಾರಿ, ಎಲ್ಲಿ ನೋಡಿದರೂ ಕೆರೆ. ಮಣ್ಣು ಹೀಗೆ ಬಗೆಬಗೆಯಾಗಿರುವ ನಾಡಿನಲ್ಲಿ ಇಟ್ಟಂಗಿ ಭಟ್ಟಿ ಇರುವುದು ಸಹಜವೇ ಸರಿ. ಸುಗ್ಗಿ ಮುಗಿದು ಮುಂಗಾರು ಬರುವ ತನಕದ ಬಿಡುವಿನಲ್ಲಿ, ಕೆರೆಯಂಗಳದ ಹೂಳನ್ನೋ ಗದ್ದೆಯ ಮೇಲ್ಮಣ್ಣನ್ನೋ ತಂದು ರಾತ್ರಿಯೆಲ್ಲ ನೆನೆಯಿಸಿ, ಭತ್ತದ ಹೊಟ್ಟು ಬೆರೆಸಿ ಕಾಲಿನಿಂದ ತುಳಿದು, ಕಟ್ಟಿಗೆಯ ಅಚ್ಚಿನಲ್ಲಿ ಒತ್ತಿ, ಸಾಲುಸಾಲಾಗಿ ಬಿಸಿಲಿಗೆ ಹಾಕಿ, ಒಣಗಿದುದನ್ನು ನಡುವೆ ಉರಿ ಹಾಯಲು ಗಂಡಿ ಬಿಟ್ಟು ಒಟ್ಟಿ, ಹೊರಮೈಗೆ ಕೆಸರು ಮೆತ್ತಿ ಬೆಂಕಿ ಕೊಡುವ ಈ ಕಸುಬು ಸಿಮೆಂಟಿನ ಇಟ್ಟಿಗೆ ಬಂದ ಮೇಲೆ ಅಲ್ಲಲ್ಲಿ ಕುಗ್ಗಿದೆ. ಕೈಬಿಟ್ಟ ಭಟ್ಟಿಗಳು ಊರ ಹೊರಗೆ ಕೆಂಪು ದಿಬ್ಬಗಳಾಗಿ ಬಿದ್ದಿವೆ.

ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಕೆರೆಯ ಹಿಂದೆ ಅಂಥದೊಂದು ದಿಬ್ಬವನ್ನು ನಾನು ಸಾವಕಾಶವಾಗಿ ನೋಡಿದ್ದೇನೆ. ಮೇಲೆ ಜಾಲಿ ಬೆಳೆದಿತ್ತು. ಕಾಲಿಗೆಡವಿದ ಒಂದು ತುಂಡನ್ನು ಎತ್ತಿ ನೋಡಿದರೆ ಹೊರಮೈ ಕಾವಿಬಣ್ಣ, ಒಡೆದ ಮೈಯ ನಡುವೆ ಬೆರಳಗಲದ ಕಪ್ಪುಪಟ್ಟೆ. ಅಲ್ಲಿಗೆ ಗಾಳಿ ತಲಪದೆ ಹೊಟ್ಟು ಅರೆಬೆಂದು ನಿಂತ ಗುರುತು ಅದು. ಆ ಕಪ್ಪಿನಲ್ಲಿಯೂ ಅದರ ಸುತ್ತಲೂ ಭತ್ತದ ಹೊಟ್ಟು ಸುಟ್ಟುಹೋಗಿ ಬಿಟ್ಟ ಸಣ್ಣ ಸಣ್ಣ ಪೊಳ್ಳುಗಳು, ಒಂದೊಂದೂ ತಾನು ತೊಟ್ಟಿದ್ದ ಸಿಪ್ಪೆಯ ಗೀರುಗಳನ್ನು ಸಹ ತಪ್ಪದೆ ತೋರಿಸುತ್ತಿದ್ದವು. ಇನ್ನೊಂದು ಇಟ್ಟಿಗೆಯ ಮೇಲೆ ನಾಯಿಯ ಹೆಜ್ಜೆ ಮೂಡಿತ್ತು. ಹಸಿಯಾಗಿ ಒಣಹಾಕಿದ್ದಾಗ ಯಾವುದೋ ಸಂಜೆ ಅದು ಸಾಲುಗಳ ಮೇಲೆ ಹಾದುಹೋಗಿರಬೇಕು. ದಿಬ್ಬದ ಪಕ್ಕದಲ್ಲಿ, ಗದ್ದೆಯ ಹೆಚ್ಚಿನ ನೀರು ಹರಿದುಹೋಗಲೆಂದು ತೋಡಿದ್ದ ಹಳೆಯ ಬಸಿಗಾಲುವೆಯೊಂದು ಭಟ್ಟಿಯ ಬೂದಿ, ಬೆಂದು ವಕ್ರವಾದ ಇಟ್ಟಿಗೆ, ಚೂರುಗಳಿಂದ ತುಂಬಿ ನೆಲಕ್ಕೆ ಸಮನಾಗಿತ್ತು.

ಇಂತಹ ಸ್ಥಳವನ್ನು ಪ್ರಾಕ್ತನಶಾಸ್ತ್ರದ ವಿಷಯವೆಂದು ಪರಿಗಣಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಇಂಗ್ಲೆಂಡಿನಲ್ಲಿ 1990ರಿಂದೀಚೆಗೆ, ಹೊಸ ಬಡಾವಣೆಯೋ ರಸ್ತೆಯೋ ಬರುವ ಮುನ್ನ ಆ ನೆಲವನ್ನು ಪರಿಶೀಲಿಸುವುದು ಯೋಜನಾನುಮತಿಯ ಅಂಗವಾಗಿದ್ದು, ಅದರ ಫಲವಾಗಿ ಹಳ್ಳಿಗಾಡಿನ ಹಳೆಯ ಇಟ್ಟಿಗೆಯ ಕಾರ್ಖಾನೆಗಳೂ ಹೊಲದ ಕಾಲುವೆಗಳೂ ಅರಮನೆಗಳಷ್ಟೇ ಶ್ರದ್ಧೆಯಿಂದ ಅಗೆಯಲ್ಪಟ್ಟು ದಾಖಲಾಗುತ್ತವೆ. ನಮ್ಮಲ್ಲಿ ಹಾನಗಲ್ಲಿನ ತಾರಕೇಶ್ವರಕ್ಕೆ, ಬಂಕಾಪುರದ ನಗರೇಶ್ವರಕ್ಕೆ ಯಾತ್ರಿಕರುಂಟು, ವಿದ್ವಾಂಸರುಂಟು. ನೆರೆಯ ಬನವಾಸಿಯಲ್ಲಿ ಶಾತವಾಹನರ ಕಾಲದ, ಗುಡ್ನಾಪುರದಲ್ಲಿ ಕದಂಬರ ಕಾಲದ ಇಟ್ಟಿಗೆಯ ಕಟ್ಟಡಗಳು ಉತ್ಖನನದಿಂದ ಬೆಳಕಿಗೆ ಬಂದಿವೆ. ಆ ಇಟ್ಟಿಗೆಗಳನ್ನು ಸುಟ್ಟ ಬೆಂಕಿ ಎಲ್ಲಿ ಉರಿಯಿತು ಎಂದು ಕೇಳುವವರು ವಿರಳ. ನೆಲ ಅಗೆಯುವುದನ್ನು ಕಂಡ ಊರವರು ಮೊದಲು ಕೇಳುವುದು ಹೊನ್ನು ಸಿಕ್ಕಿತೇ ಎಂದು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ತಿಮ್ಮಪ್ಪನಾಯಕನಿಗೆ ನೆಲದಲ್ಲಿ ಹೊನ್ನು ದೊರೆತು ಆತನು ಕನಕನಾದನೆಂಬ ಐತಿಹ್ಯವಿರುವ ಸೀಮೆಯಲ್ಲಿ ಆ ಪ್ರಶ್ನೆ ತಪ್ಪೆನ್ನಲೂ ಬಾರದು.

ನನಗೆ ಬೇಕಾದುದು ಬೇರೆ. ಧರ್ಮಚಿಂತನೆಯಲ್ಲಿ ಒಂದು ಪುರಾತನ ಶಂಕೆಯಿದೆ: ಮಾಡಿದುದನ್ನು ಮಾಡದಂತಾಗಿಸಲು ಸಾಧ್ಯವೇ? ಕರ್ಮವು ಪಶ್ಚಾತ್ತಾಪದಿಂದ, ಪ್ರಾಯಶ್ಚಿತ್ತದಿಂದ, ಭಕ್ತಿಯಿಂದ, ಜ್ಞಾನದಿಂದ ಅಳಿದುಹೋಗುವುದೆಂದು ನಮ್ಮ ಶಾಸ್ತ್ರಗಳು ಒಂದೊಂದು ಬಗೆಯಾಗಿ ಭರವಸೆ ಕೊಡುತ್ತವೆ. ಅಳಿಯುವುದೆಂದರೇನು? ಬೆಂದ ಇಟ್ಟಿಗೆಯೂ ಮುಚ್ಚಿದ ಕಾಲುವೆಯೂ ಈ ವಿಚಾರದಲ್ಲಿ ಸಾಕ್ಷಿ ಹೇಳಬಲ್ಲವೆಂಬುದೇ ನನ್ನ ವಾದ.

ಮಣ್ಣಿನ ದೃಷ್ಟಾಂತವನ್ನು ನಮಗೆ ಮೊದಲು ಕೊಟ್ಟವನು ಛಾಂದೋಗ್ಯದ ಉದ್ದಾಲಕ. ಒಂದು ಮಣ್ಣುಂಡೆಯನ್ನು ಅರಿತರೆ ಮಣ್ಣಿನಿಂದಾದ ಎಲ್ಲವನ್ನೂ ಅರಿತಂತೆ, ವಿಕಾರಗಳೆಂಬುವು ಬರಿಯ ಹೆಸರು, ಮಣ್ಣೊಂದೇ ದಿಟ ಎಂಬ ಅಭಿಪ್ರಾಯವನ್ನು ಆತನು ಮಗನಾದ ಶ್ವೇತಕೇತುವಿಗೆ ಹೇಳಿದನು. ಆ ಮಾತಿನ ಮೇಲೆ ವೇದಾಂತಿಗಳು ಮಹಾಸೌಧವನ್ನೇ ಎಬ್ಬಿಸಿದರು. ಅಬ್ಬಲೂರಿನ ಕುಂಬಾರ ಮಾಳಿಯ ಮಗನೆಂದು ಐತಿಹ್ಯವು ಹೇಳುವ ಸರ್ವಜ್ಞನ ಸೀಮೆಯವರಿಗೆ ಈ ಮಾತು ಮನೆಯ ಮಾತಿನಂತೆ ಕೇಳಿಸಬೇಕು. ಹಸಿಮಡಕೆಯ ಮಟ್ಟಿಗೆ ಉದ್ದಾಲಕನ ಮಾತು ಪೂರ್ಣವಾಗಿ ಸರಿ: ಅದನ್ನು ನೀರಿಗೆ ಹಾಕಿದರೆ ಹೆಸರು ಕರಗಿ ಮಣ್ಣು ಉಳಿಯುತ್ತದೆ. ಭಟ್ಟಿಯಿಂದ ಹೊರಬಂದುದನ್ನು ನೀರಿಗೆ ಹಾಕಿ ನೋಡಿದವರಿಗೆ ಸಂಶಯ ಹುಟ್ಟುತ್ತದೆ. ಜೇಡಿಮಣ್ಣಿನೊಳಗೆ ನಾವು ಬೆರೆಸಿದ ನೀರಲ್ಲದೆ ಅದರ ಕಣಗಳ ರಚನೆಯಲ್ಲಿಯೇ ಬೆಸೆದ ನೀರಿನಂಶವೊಂದುಂಟು. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ಉಷ್ಣದ ನಡುವೆ ಅದು ಹೊರಟುಹೋಗುತ್ತದೆ, ಹೋದ ಬಳಿಕ ಎಷ್ಟು ನೆನೆಯಿಸಿ ತುಳಿದರೂ ಆ ಮಣ್ಣು ಮತ್ತೆ ಹದಕ್ಕೆ ಬಾರದು. ಪುಡಿ ಮಾಡಬಹುದು, ಮಣ್ಣು ಮಾಡಲಾಗದು. ಬೋಕಿಯ ತುಣುಕೊಂದು ಸಹಸ್ರಾರು ವರ್ಷ ನೆಲದಲ್ಲಿ ಹೂತಿದ್ದರೂ ಬೋಕಿಯಾಗಿಯೇ ಇರುವುದರಿಂದಲ್ಲವೇ ಪ್ರಾಕ್ತನಶಾಸ್ತ್ರವೆಂಬುದೊಂದು ಸಾಧ್ಯವಾದುದು? ಇಲ್ಲಿ ವಿಕಾರವೇ ಪ್ರಕೃತಿಯನ್ನು ಮೀರಿ ನಿಂತಿದೆ.

ಭಟ್ಟಿಯೊಳಗೆ ಏನಾಗುತ್ತದೆಂಬುದನ್ನು ಉದ್ದಾಲಕನು ಕೇಳಲಿಲ್ಲ. ಕೇಳಿದವರು ವೈಶೇಷಿಕರು ಮತ್ತು ನೈಯಾಯಿಕರು. ಹಸಿಯಾಗಿ ಕಪ್ಪಗಿದ್ದ ಮಡಕೆ ಬೆಂದು ಕೆಂಪಾಗಿ ಬರುವುದಷ್ಟೆ. ಒಳಹೋದ ಮಡಕೆಯೇ ಹೊರಬಂದಿತೇ? ಇಲ್ಲವೆಂದರು ವೈಶೇಷಿಕರು. ತೇಜಸ್ಸಿನ ಆಘಾತದಿಂದ ಮಡಕೆಯು ಪರಮಾಣುಗಳವರೆಗೂ ಬಿಚ್ಚಿಹೋಗಿ, ಆ ಬಿಡಿ ಪರಮಾಣುಗಳಲ್ಲಿಯೇ ಹಳೆಯ ಬಣ್ಣ ನಶಿಸಿ ಹೊಸ ಬಣ್ಣ ಹುಟ್ಟಿ, ಅವು ಮತ್ತೆ ಎರಡೆರಡಾಗಿ ಮೂರುಮೂರಾಗಿ ಕೂಡಿಕೊಂಡು ಬೇರೆಯೊಂದು ಮಡಕೆಯೇ ಜನಿಸುತ್ತದೆ ಎಂಬುದು ಅವರ ಪೀಲುಪಾಕ. ನೈಯಾಯಿಕರಿಗೆ ಇದು ಅತಿಯಾಯಿತು. ಆವಿಗೆಯ ಸಂದಿನಿಂದ ಇಣಿಕಿ ನೋಡಿದರೆ ಮಡಕೆ ಇಟ್ಟಲ್ಲಿಯೇ ಕಾಣುತ್ತದೆ, ಅದರ ಮೇಲೆ ಹೇರಿದವು ಬೀಳುವುದಿಲ್ಲ, ಎಣಿಸಿ ಇಟ್ಟಷ್ಟೇ ಹೊರಬರುತ್ತವೆ. ಆದ್ದರಿಂದ ಮಡಕೆಯು ಮಡಕೆಯಾಗಿದ್ದುಕೊಂಡೇ, ತನ್ನ ಸೂಕ್ಷ್ಮರಂಧ್ರಗಳಲ್ಲಿ ಉರಿಯನ್ನು ಒಳಗೊಂಡು ಬೇಯುತ್ತದೆ ಎಂಬುದು ಅವರ ಪಿಠರಪಾಕ. ಈ ಬಿಚ್ಚಿ ಕೂಡುವ ಕಾರ್ಯ ಒಂಬತ್ತು ಕ್ಷಣಗಳಲ್ಲಿ ನಡೆಯುವುದೋ ಹತ್ತರಲ್ಲೋ ಹನ್ನೊಂದರಲ್ಲೋ ಎಂದು ಆಮೇಲಿನವರು ಲೆಕ್ಕ ಹಾಕುತ್ತ ಕುಳಿತುದನ್ನು ಓದಿ ನಕ್ಕವರುಂಟು. ಆಧುನಿಕ ವಿಜ್ಞಾನವನ್ನು ಸಾಕ್ಷಿಗೆ ಕರೆದು ಪ್ರಾಚೀನರಿಗೆ ಗೆಲವು ತಂದುಕೊಡುವ ಚಟವು ನನಗೆ ಹಿಡಿಸದು. ಹಾಗಿದ್ದರೂ ಒಳಗಿನ ರಚನೆ ಕುಸಿದು ಬೇರೆಯಾಗುವುದೂ ಹೊರಗಿನ ಆಕಾರ ಕದಲದೆ ನಿಲ್ಲುವುದೂ ಒಂದೇ ಬೆಂಕಿಯಲ್ಲಿ ನಡೆಯುವುದೆಂದ ಮೇಲೆ, ಎರಡು ಪಕ್ಷದವರೂ ಕಣ್ಣು ಬಿಟ್ಟುಕೊಂಡೇ ಜಗಳವಾಡಿದರೆಂದು ಹೇಳಬೇಕು.

ನನ್ನ ಪ್ರಶ್ನೆಗೆ ಇದರಲ್ಲಿ ಸಿಕ್ಕುವ ಸೂಚನೆ ಇದು. ಜ್ಞಾನವೆಂಬ ಬೆಂಕಿಯು ಕರ್ಮಗಳನ್ನೆಲ್ಲ ಭಸ್ಮ ಮಾಡುವುದೆಂದು ಗೀತೆಯಲ್ಲಿ ಹೇಳಿದೆ. ಬೆಂಕಿಯೆಂದರೆ ಬೂದಿಮಾಡತಕ್ಕದ್ದೆಂಬುದು ಆ ಉಪಮೆಯ ಆಧಾರ. ಭಟ್ಟಿಯ ಬೆಂಕಿ ಆ ಜಾತಿಯದಲ್ಲ. ಅದು ಸೌದೆಯನ್ನು ಬೂದಿಮಾಡುತ್ತ, ಅದೇ ಕಾಲಕ್ಕೆ ಮಣ್ಣಿನ ಮೇಲೆ ಬಿದ್ದ ಒಂದೊಂದು ಗುರುತನ್ನೂ ಶಾಶ್ವತಗೊಳಿಸುತ್ತದೆ. ಅಚ್ಚೊತ್ತಿದವನ ಬೆರಳಿನ ಗೆರೆ, ನಾಯಿಯ ಹೆಜ್ಜೆ, ಹೊಟ್ಟಿನ ಗೀರು, ಇವೆಲ್ಲ ಹಸಿಯಾಗಿದ್ದ ದಿನ ಒಂದು ಮಳೆಗೆ ಅಳಿಯತಕ್ಕವಾಗಿದ್ದುವು. ಇನ್ನೂ ಆಶ್ಚರ್ಯದ ಸಂಗತಿಯಿದೆ. ಮಣ್ಣಿನಲ್ಲಿರುವ ಕಬ್ಬಿಣದ ಖನಿಜಗಳು ಕಾದು ಮತ್ತೆ ತಣಿಯುವಾಗ ಆ ಹೊತ್ತಿನಲ್ಲಿ ಭೂಮಿಯ ಕಾಂತಕ್ಷೇತ್ರವು ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಕಾಂತೀಯ ಉತ್ತರವು ಕಾಲಕಾಲಕ್ಕೆ ಸರಿಯುತ್ತಿರುವುದರಿಂದ, ಕದಲಿಸದೆ ಉಳಿದ ಭಟ್ಟಿಯ ತಳವನ್ನು ಅಳೆದು, ಕಡೆಯ ಬೆಂಕಿ ಯಾವ ಶತಮಾನದ್ದೆಂದು ಶಾಸ್ತ್ರಜ್ಞರು ಅಂದಾಜು ಮಾಡಬಲ್ಲರು. ಮಾರಾಟವಾಗಿ ಮನೆಯ ಗೋಡೆ ಸೇರಿದ ಇಟ್ಟಿಗೆಗೆ ಈ ದಿಕ್ಕಿನ ನೆನಪು ಕೆಲಸಕ್ಕೆ ಬಾರದು. ಅದು ಯಾವ ಮುಖವಾಗಿ ಬೆಂದಿತೆಂಬುದು ಕಳೆದುಹೋಗಿದೆ. ಇದ್ದಲ್ಲಿಯೇ ಇದ್ದ ತಳಕ್ಕಷ್ಟೆ ಆ ಸಾಕ್ಷ್ಯ.

ಕಾಲುವೆಯ ಸಾಕ್ಷ್ಯವು ಇದಕ್ಕಿಂತ ಸೂಕ್ಷ್ಮವಾದುದು. ಇಟ್ಟಿಗೆಯು ಇರುವ ವಸ್ತು, ಕಾಲುವೆಯೋ ಇಲ್ಲದಿರುವಿಕೆ. ಮಣ್ಣು ಇದ್ದಲ್ಲಿ ಮಣ್ಣಿಲ್ಲದಂತೆ ಮಾಡಿದುದರ ಹೆಸರೇ ಕಾಲುವೆ. ಅದನ್ನು ಮುಚ್ಚಿ, ಉತ್ತು, ಬಿತ್ತಿ ನೂರು ಬೆಳೆ ತೆಗೆದ ಮೇಲೆ ಆ ಇಲ್ಲದಿರುವಿಕೆಯೂ ಇಲ್ಲವಾಯಿತೆಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ಮುಚ್ಚಿದ ಮಣ್ಣು ಸಡಿಲ, ತೇವ ಹೆಚ್ಚು, ಕಸ ಹೆಚ್ಚು. ಒಣಗಾಲದಲ್ಲಿ ಅದರ ಮೇಲಿನ ಪೈರು ಅಕ್ಕಪಕ್ಕದ್ದಕ್ಕಿಂತ ಹಸಿರಾಗಿ ನೆಟ್ಟಗೆ ಗೆರೆ ಎಳೆದಂತೆ ನಿಲ್ಲುವುದನ್ನು ರೈತರು ಬಲ್ಲರು. ಅಡ್ಡಲಾಗಿ ಒಂದು ಗುಂಡಿ ತೋಡಿ, ಅದರ ಗೋಡೆಯನ್ನು ಕರಣಿಯಿಂದ ನಯವಾಗಿ ಸವರಿ ನೀರು ಚಿಮುಕಿಸಿದರೆ, ಮೂಲಮಣ್ಣಿನ ಪದರಗಳು ತಟ್ಟನೆ ಕಡಿದುಹೋಗಿ, ಕಪ್ಪನೆಯ ಬಟ್ಟಲಿನ ಆಕೃತಿಯೊಂದು ಮೂಡಿ ಬರುತ್ತದೆ. ಅದರ ತಳದಲ್ಲಿ ನೀರು ನಿಂತ ಕಾಲದ ನುಣುಪು ಹೂಳು, ಮೇಲೆ ಎಸೆದ ಚೂರುಪಾರು. ತಳದ ಹೂಳಿನಲ್ಲಿ ಇಟ್ಟಿಗೆಯ ಒಂದು ಹರಳೂ ಇಲ್ಲದೆ ಮೇಲಿನ ಭರ್ತಿಯಲ್ಲಿ ಮಾತ್ರ ಹೇರಳವಾಗಿದ್ದರೆ, ಭಟ್ಟಿಯು ಹುಟ್ಟುವುದಕ್ಕಿಂತ ಮೊದಲೇ ಕಾಲುವೆಯಿತ್ತೆಂದೂ ಭಟ್ಟಿಯವರೇ ಅದನ್ನು ತುಂಬಿದರೆಂದೂ ಹೇಳಬಹುದು.

ನೆಲದ ಪದರಗಳನ್ನು ಹೀಗೆ ಓದುವ ಶಿಸ್ತನ್ನು 1947ರಲ್ಲಿ ಪ್ರಾಕ್ತನಶಾಸ್ತ್ರಜ್ಞ ವ್ಹೀಲರ್ ಸಾಹೇಬರು ಬ್ರಹ್ಮಗಿರಿಯಲ್ಲಿ ತೋರಿಸಿಕೊಟ್ಟರು; 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಹಿರೇಕೆರೂರು ಸೀಮೆಯ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದಾಗ, ಕ್ರಿಸ್ತಪೂರ್ವ 1000ದ ಸುಮಾರಿಗೇ ಅಲ್ಲಿ ಕಬ್ಬಿಣದ ಬಳಕೆಯಿತ್ತೆಂಬುದು ಗೊತ್ತಾಗಿ ವಿದ್ವತ್ಪ್ರಪಂಚದಲ್ಲಿ ಆ ಊರ ಹೆಸರು ನಿಂತಿತು. ನನ್ನ ಮನಸ್ಸು ಮಾತ್ರ ಕಬ್ಬಿಣದ ಮೊನೆಗಳಿಗಿಂತ ಅಲ್ಲಿಯ ನವಶಿಲಾಯುಗದ ಜನ ತಮ್ಮ ಶಿಶುಗಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದ ಕುಣಿಗಳ ಕಡೆಗೆ ಹೋಗುತ್ತದೆ. ಕುಣಿ ತೋಡಿದವರು ಅದನ್ನು ಅದೇ ದಿನ ಮುಚ್ಚಿದರು, ಮೇಲೆ ನಡೆದಾಡಿದರು; ಮೂರು ಸಹಸ್ರ ವರ್ಷಗಳು ಕಳೆದ ಮೇಲೂ ಆ ಮುಚ್ಚಿದ ಮಣ್ಣಿಗೂ ಮುಟ್ಟದ ಮಣ್ಣಿಗೂ ನಡುವಣ ಅಂಚು ಕಂಡುಹಿಡಿಯುವಂತಿತ್ತು.

ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ಧೈರ್ಯವು ನಮ್ಮ ತಾರ್ಕಿಕರದು. ಮಡಕೆ ಹುಟ್ಟುವುದಕ್ಕೆ ಮುಂಚಿನ ಅದರ ಇಲ್ಲದಿರುವಿಕೆಗೆ ಆದಿಯಿಲ್ಲ, ಅಂತ್ಯವುಂಟು: ಅದು ಪ್ರಾಗಭಾವ. ಮಡಕೆ ಒಡೆದ ಬಳಿಕದ ಇಲ್ಲದಿರುವಿಕೆಗೆ ಆದಿಯುಂಟು, ಅಂತ್ಯವಿಲ್ಲ: ಅದು ಪ್ರಧ್ವಂಸಾಭಾವ. ಒಡೆದುದಕ್ಕೆ ಪ್ರತಿಯಾಗಿ ಇನ್ನೊಂದು ಮಡಕೆ ಬಂದೀತು. ಆ ಮಡಕೆಯ ಇಲ್ಲದಿರುವಿಕೆ ಎಂದೆಂದಿಗೂ ಮುಗಿಯದು. ವಿದ್ಯಾರ್ಥಿಯಾಗಿದ್ದಾಗ ಕೂದಲು ಸೀಳುವ ಮಾತಾಗಿ ಕಂಡಿದ್ದ ಇದನ್ನು ಬಸಿಗಾಲುವೆಯ ಅಂಚಿನಲ್ಲಿ ನಿಂತು ಓದಿದರೆ ಬೇರೆ ಅರ್ಥ ಹೊಳೆಯುತ್ತದೆ. ಸಲಿಕೆ ಬಿದ್ದ ಕ್ಷಣದಲ್ಲಿ ನಶಿಸಿದುದು ನೆಲದ ಅಖಂಡತೆ. ಆ ನಾಶಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೇಲೆ ತುಂಬಿದ ಮಣ್ಣು ಹೊಸದೊಂದು ವಸ್ತುವಷ್ಟೆ, ಹಳೆಯ ಅಖಂಡತೆಯ ಪುನರಾಗಮನವಲ್ಲ.

ಕರ್ಮಕ್ಕೆ ದ್ರವ್ಯದ ರೂಪವನ್ನೇ ಕೊಟ್ಟ ಜೈನರು ಈ ಸೀಮೆಯಲ್ಲಿ ಶತಮಾನಗಳ ಕಾಲ ಪ್ರಬಲರಾಗಿದ್ದರು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂದು, 974ರ ಸುಮಾರಿಗೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟುದು ಬಂಕಾಪುರದಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ಕಾಲುವೆಗಳಿಂದ ಕೆರೆಗೆ ನೀರು ಬರುವಂತೆ ಆತ್ಮಕ್ಕೆ ಕರ್ಮವು ಹರಿದುಬರುವುದೆಂದೂ, ಆ ಕಾಲುವೆಗಳನ್ನು ಮುಚ್ಚಿ ತಪಸ್ಸಿನ ಬಿಸಿಲಿಗೆ ಬಿಟ್ಟರೆ ಇದ್ದುದು ಬತ್ತುವುದೆಂದೂ ಜೈನರ ಆಗಮಗಳ ಉಪಮೆ. ಕೆರೆಗಳ ನಾಡಿಗೆ ಹೇಳಿಮಾಡಿಸಿದಂತಿದೆ. ಆದರೆ ಬತ್ತಿದ ಕೆರೆಯ ತಳದಲ್ಲಿ ಹೂಳು ಉಳಿಯುತ್ತದೆಂಬುದನ್ನು, ಆ ಹೂಳಿನಿಂದಲೇ ಇಟ್ಟಿಗೆ ಮಾಡುವ ಊರಿನವರು ಮರೆಯಲಾರರು. ಯುದ್ಧಗಳನ್ನು ಗೆದ್ದ ಆ ಅರಸನ ಕೈಯಲ್ಲಿ ಸತ್ತವರು ಅವನ ವ್ರತದಿಂದ ಎದ್ದು ಬರಲಿಲ್ಲ.

ಎದ್ದು ಬಂದ ಕಥೆಯೊಂದೂ ಇಲ್ಲಿಯೇ ಇದೆ. ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತನ್ನ ತಲೆಯನ್ನು ತಾನೇ ಅರಿದು ಶಿವನಿಗೊಪ್ಪಿಸಿ, ಏಳು ದಿನಗಳ ಬಳಿಕ ಅದನ್ನು ಮರಳಿ ಪಡೆದನೆಂದು ಸುಮಾರು 1200ರ ಶಾಸನವು ಹೇಳುತ್ತದೆ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಆ ಪ್ರಸಂಗದ ಶಿಲ್ಪಗಳಿವೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಗಮನಿಸುವುದು ಇಷ್ಟೆ: ಕಡಿದುದು ಕಡಿಯದಂತಾಗುವುದನ್ನು ನಮ್ಮ ಜನ ಪವಾಡವೆಂದು ಕಲ್ಲಿನಲ್ಲಿ ಕೆತ್ತಿದರೇ ಹೊರತು, ಅದನ್ನು ಜಗತ್ತಿನ ನಿಯಮವೆಂದು ಎಲ್ಲಿಯೂ ಹೇಳಲಿಲ್ಲ.

ನಿಯಮವನ್ನು ಹೇಳಿದವರು ಧರ್ಮಶಾಸ್ತ್ರಕಾರರು. ಅವರಲ್ಲಿ ಹೆಚ್ಚು ಸ್ಪಷ್ಟವಾಗಿ ಹೇಳಿದವನು ನಮ್ಮವನೇ. ಪಾನುಂಗಲ್ಲು ಐನೂರೆಂಬ ನಾಡನ್ನು ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ಅರಿಯದೆ ಮಾಡಿದ ಪಾಪವು ಪ್ರಾಯಶ್ಚಿತ್ತದಿಂದ ತೊಲಗುವುದು, ಅರಿತು ಮಾಡಿದವನು ಪ್ರಾಯಶ್ಚಿತ್ತದಿಂದ ವ್ಯವಹಾರಕ್ಕೆ ಯೋಗ್ಯನಾಗುವನು ಎಂಬುದು ಮೂಲದ ತಾತ್ಪರ್ಯ. ವಿಜ್ಞಾನೇಶ್ವರನು ಇದನ್ನು ಬಿಡಿಸುತ್ತ, ಪಾಪಕ್ಕೆ ಎರಡು ಶಕ್ತಿಗಳಿವೆಯೆಂದನು: ನರಕಕ್ಕೆ ಒಯ್ಯುವುದೊಂದು, ಜನರೊಡನೆ ಬಾಳದಂತೆ ತಡೆಯುವುದೊಂದು, ಅರಿತು ಮಾಡಿದುದರಲ್ಲಿ ಮೊದಲನೆಯದು ಉಳಿದರೂ ಎರಡನೆಯದು ಪ್ರಾಯಶ್ಚಿತ್ತದಿಂದ ಹೋಗುತ್ತದೆ. ಕ್ಷಮೆಯನ್ನು ಕುರಿತು ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಬೇರೆಲ್ಲಿಯೂ ಓದಿಲ್ಲ. ತುಂಬಿದ ಕಾಲುವೆಯ ಮೇಲೆ ನೇಗಿಲು ಹೋಗುತ್ತದೆ, ಗಾಡಿ ಹೋಗುತ್ತದೆ, ಬೆಳೆ ಬರುತ್ತದೆ. ಅದು ವ್ಯವಹಾರಕ್ಕೆ ಸಂದಿತು. ಅಂಚು ಮಾತ್ರ ಒಳಗೆ ಹಾಗೆಯೇ ಇದೆ. ಅರಿಯದೆ ತುಳಿದ ನಾಯಿಯ ಹೆಜ್ಜೆಗೂ ಅರಿತು ಒತ್ತಿದ ಬೆರಳಿಗೂ ಭಟ್ಟಿಯು ಭೇದವೆಣಿಸಲಿಲ್ಲವೆಂಬುದೊಂದೇ ವಿಜ್ಞಾನೇಶ್ವರನಿಗೆ ನಾನು ಮುಂದಿಡಬಹುದಾದ ಆಕ್ಷೇಪ. ಬಹುಶಃ ಅದಕ್ಕೆ ಆತನು, ಗುರುತು ಬೇರೆ ದೋಷ ಬೇರೆ ಎಂದು ಉತ್ತರ ಕೊಟ್ಟಾನು, ಆ ಉತ್ತರವನ್ನು ನಾನು ಒಪ್ಪುತ್ತೇನೆ.

ಯಮನಿಗೆ ಇಟ್ಟಿಗೆಯ ಲೆಕ್ಕ ಬೇಕಾದುದು ಇದಕ್ಕೇ ಇದ್ದೀತು. ಪ್ರಾಣವನ್ನು ಕೊಂಡೊಯ್ಯುವ ಅಧಿಕಾರ ಅವನಿಗುಂಟು. ನಡೆದುಹೋದುದನ್ನು ನಡೆಯಲಿಲ್ಲವೆನಿಸುವ ಅಧಿಕಾರ ಅವನಿಗೂ ಇಲ್ಲ. ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅಗೆದಾಗ, ಜೇಡಿಮಣ್ಣಿನ ಪುಟ್ಟ ಸ್ತೂಪಗಳೂ ಅವುಗಳೊಳಗೆ ಬೌದ್ಧಧರ್ಮದ ಸಾರವನ್ನು ಒತ್ತಿದ ಬಿಲ್ಲೆಗಳೂ ಸಿಕ್ಕವು: ಕಾರಣದಿಂದ ಹುಟ್ಟಿದುದೆಲ್ಲವೂ ನಿರೋಧ ಹೊಂದತಕ್ಕದ್ದೆಂಬ ಬೋಧೆಯನ್ನು ಯಾರೋ ಭಕ್ತರು ಮಣ್ಣಿಗೊತ್ತಿ ಇಟ್ಟು ಹೋಗಿದ್ದರು. ಬೋಧೆ ನಿಜ, ಬಿಲ್ಲೆಯೂ ನಿಜ.

ಕಡೆಗೆ ಈ ನಾಲ್ಕು ತಾಲೂಕುಗಳ ಓದುಗರಿಗೆ ಒಂದು ಮಾತು. ಇಟ್ಟಂಗಿಗೆ ಮಣ್ಣು ತೆಗೆದ ಗುಂಡಿಗಳು ಊರೂರ ಹೊರಗೆ ಬಾಯಿ ತೆರೆದುಕೊಂಡು ಬಿದ್ದಿರುತ್ತವೆ. ಮಳೆಗಾಲದಲ್ಲಿ ನೀರು ತುಂಬಿದಾಗ ಅವು ದನಕರುಗಳಿಗೂ ಮಕ್ಕಳಿಗೂ ಅಪಾಯ. ಬೇಸಾಯದ ಮೇಲ್ಮಣ್ಣು ಹೋದುದು ಹೋಯಿತು, ಅದನ್ನು ಯಾರೂ ತರಲಾರರು; ಆದರೂ ತೆಗೆದವರು ತುಂಬಿಸಿಕೊಡಲಿ, ಪಂಚಾಯತಿಯವರು ತುಂಬಿಸಿಕೊಡುವಂತೆ ಮಾಡಲಿ. ಹಳೆಯ ಭಟ್ಟಿಯ ದಿಬ್ಬವನ್ನೋ ಮುಚ್ಚಿದ ಕಾಲುವೆಯ ಗೆರೆಯನ್ನೋ ಜೆಸಿಬಿ ತರಿಸಿ ಸಮಮಾಡುವ ಮುನ್ನ, ಊರ ಶಾಲೆಯ ಮಾಸ್ತರರನ್ನಾದರೂ ಕರೆದು ತೋರಿಸಿ, ಎಲ್ಲಿತ್ತು, ಎಷ್ಟಗಲವಿತ್ತು, ಒಳಗೇನು ಕಂಡಿತೆಂಬುದನ್ನು ಒಂದು ಹಾಳೆಯಲ್ಲಿ ಬರೆಯಿಸಿಡಿ.